ಗೇರ್ ಬದಲಾಗುವಾಗಲೂ ಎಳೆತ ನಿಲ್ಲುವುದಿಲ್ಲ: ರೇಸ್ ಕಾರಿನ ಸೀಮ್‌ಲೆಸ್ ಗೇರ್‌ಬಾಕ್ಸ್ ಒಳಗೆ ಏನಾಗುತ್ತದೆ?

ಪಿಟ್‌ಲೇನ್ ಪಕ್ಕ
ಎಲ್ಲರಿಗೂ ನಮಸ್ಕಾರ. ಒಂದು ಪ್ರಶ್ನೆ ತುಂಬಾ ದಿನದಿಂದ ತಲೆ ತಿನ್ನುತ್ತಿದೆ. ಫಾರ್ಮುಲಾ ಒನ್ ಕಾರುಗಳಲ್ಲಿ ಸೀಮ್‌ಲೆಸ್ ಶಿಫ್ಟ್ ಇದೆ, ಗೇರ್ ಏರಿಸುವಾಗ ಎಂಜಿನ್‌ನಿಂದ ಚಕ್ರಕ್ಕೆ ಹೋಗುವ ಎಳೆತ ತಪ್ಪುವುದೇ ಇಲ್ಲ ಅಂತ ಕಾಮೆಂಟ್ರಿಯಲ್ಲಿ ಹೇಳುತ್ತಲೇ ಇರುತ್ತಾರೆ. ಅದು ಹೇಗೆ ಸಾಧ್ಯ?

ನನಗೆ ಗೊತ್ತಿರುವ ಗೇರ್‌ಬಾಕ್ಸ್‌ನಲ್ಲಿ ಮೊದಲು 3ನೇ ಗೇರ್ ಬಿಡಬೇಕು. ನ್ಯೂಟ್ರಲ್ ದಾಟಬೇಕು. ಆಮೇಲೆ 4ನೇದು ಹಿಡಿಯಬೇಕು. ನಡುವೆ ಎಷ್ಟೇ ಚಿಕ್ಕದಾದರೂ ಒಂದು ಖಾಲಿ ಜಾಗ ಇದ್ದೇ ಇರುತ್ತದೆ. ಆ ಖಾಲಿ ಜಾಗ ಬೇಡ ಅಂದರೆ 3 ಬಿಡುವ ಮೊದಲೇ 4 ಹಿಡಿಯಬೇಕು. ಎರಡು ಗೇರ್ ಒಟ್ಟಿಗೆ ಹಿಡಿದರೆ ಗೇರ್‌ಬಾಕ್ಸ್ ಜಾಮ್ ಆಗಿ ಒಡೆದು ಹೋಗಬೇಕು ಅಲ್ವಾ? ಗೊತ್ತಿರುವವರು ಬಿಡಿಸಿ ಹೇಳಿ.

ಬೈಟು ಕಾಫಿ
ಡ್ಯುಯಲ್ ಕ್ಲಚ್ ಇರುತ್ತದೆ ಗುರು. ಒಂದು ಕ್ಲಚ್‌ನಲ್ಲಿ 1, 3, 5. ಇನ್ನೊಂದರಲ್ಲಿ 2, 4, 6. ಒಂದು ಬಿಡುತ್ತಿದ್ದ ಹಾಗೆ ಇನ್ನೊಂದು ಹಿಡಿಯುತ್ತದೆ. ಈಗ ನಮ್ಮ ರಸ್ತೆ ಕಾರುಗಳಲ್ಲೂ ಬಂದಿದೆಯಲ್ಲ, ಅದೇ.

ಟಾರ್ಕ್ ಮೇಷ್ಟ್ರು
ಅದಲ್ಲ. ಎಫ್ 1 ಕಾರಿನಲ್ಲಿ ಕ್ಲಚ್ ಒಂದೇ. ಅದೂ ಅಂಗೈಯಷ್ಟು ಅಗಲದ ಕಾರ್ಬನ್ ಕ್ಲಚ್. ಡ್ಯುಯಲ್ ಕ್ಲಚ್ ರೇಸಿಂಗ್‌ಗೆ ಬಂದಿದ್ದು ಬೇರೆ ಕಡೆಯಿಂದ. 1980ರ ದಶಕದಲ್ಲಿ ಪೋರ್ಷೆ ತನ್ನ 956 ಮತ್ತು 962 ರೇಸ್ ಕಾರುಗಳಲ್ಲಿ ಪಿಡಿಕೆ ಅನ್ನುವ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್ ಹಾಕಿ ಓಡಿಸಿತು. ಕೆಲಸ ಚೆನ್ನಾಗಿ ಮಾಡುತ್ತಿತ್ತು, ಆದರೆ ತೂಕ ಜಾಸ್ತಿ. ಎರಡು ಕ್ಲಚ್, ಒಂದರೊಳಗೆ ಒಂದು ಶಾಫ್ಟ್, ಅದಕ್ಕೆ ತಕ್ಕ ಎಣ್ಣೆ, ಪಂಪು. ಗ್ರಾಂ ಲೆಕ್ಕದಲ್ಲಿ ತೂಕ ಇಳಿಸುವ ಎಫ್ 1 ಕಾರಿನ ಹಿಂಭಾಗಕ್ಕೆ ಅದು ಹೊಂದುವುದಿಲ್ಲ.

ಗೊಂದಲ ಎಲ್ಲಿಂದ ಬರುತ್ತದೆ ಅಂದರೆ, ಮೆಕ್ಲಾರೆನ್ ಕಂಪನಿ ತನ್ನ ರಸ್ತೆ ಕಾರುಗಳ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್‌ಗೇ ಸೀಮ್‌ಲೆಸ್ ಶಿಫ್ಟ್ ಅಂತ ಹೆಸರಿಟ್ಟಿದೆ. ಅದೇ ಕಂಪನಿಯ ರೇಸ್ ಕಾರಿನಲ್ಲಿ ಇರುವುದು ಪೂರ್ತಿ ಬೇರೆ ಯಂತ್ರ.

ಪಿಟ್‌ಲೇನ್ ಪಕ್ಕ
ಮೇಷ್ಟ್ರೇ, ಆ ಬೇರೆ ಯಂತ್ರ ಏನು ಅಂತಲೇ ನನ್ನ ಪ್ರಶ್ನೆ.

ಟಾರ್ಕ್ ಮೇಷ್ಟ್ರು
ಬರೆಯುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ.

ಮೊದಲು ಸಾಮಾನ್ಯ ರೇಸ್ ಗೇರ್‌ಬಾಕ್ಸ್ ನೋಡೋಣ. ಎರಡು ಶಾಫ್ಟ್ ಇರುತ್ತವೆ. ಒಂದು ಎಂಜಿನ್ ಕಡೆಯದು, ಇನ್ನೊಂದು ಚಕ್ರದ ಕಡೆಯದು. ಎಲ್ಲ ಗೇರ್ ಜೋಡಿಗಳೂ ಯಾವಾಗಲೂ ಹಲ್ಲಿಗೆ ಹಲ್ಲು ಕಚ್ಚಿಕೊಂಡು ತಿರುಗುತ್ತಲೇ ಇರುತ್ತವೆ. ಆದರೆ ಚಕ್ರದ ಕಡೆಯ ಶಾಫ್ಟ್ ಮೇಲೆ ಆ ಗೇರ್‌ಗಳು ಸಡಿಲವಾಗಿ ಕೂತಿರುತ್ತವೆ. ನಾವು ಗೇರ್ ಹಾಕುವುದು ಅಂದರೆ ಆ ಸಡಿಲ ಗೇರ್‌ಗಳಲ್ಲಿ ಒಂದನ್ನು ಶಾಫ್ಟ್‌ಗೆ ಬಿಗಿ ಮಾಡುವುದು. ಬಿಗಿ ಮಾಡುವ ಭಾಗ ಡಾಗ್ ರಿಂಗ್. ಅದರ ಮೈಮೇಲೆ ದಪ್ಪ ದಪ್ಪ ಹಲ್ಲು, ನಡುವೆ ಅಗಲ ಕಿಂಡಿ. ಗೇರ್‌ನ ಮೈಮೇಲೂ ಹಾಗೇ. ರಿಂಗ್ ಪಕ್ಕಕ್ಕೆ ಜಾರಿ ಕಿಂಡಿಯೊಳಗೆ ಹಲ್ಲು ಸಿಕ್ಕಿಸಿಕೊಂಡರೆ ಗೇರ್ ಬಿತ್ತು.

ಈಗ 3ರಿಂದ 4ಕ್ಕೆ ಹೋಗುವ ಹೊತ್ತು. ಕಾರಿನ ವೇಗ, ಅಂದರೆ ಚಕ್ರದ ಕಡೆಯ ಶಾಫ್ಟ್ ವೇಗ, ಆ ಕ್ಷಣಕ್ಕೆ ಬದಲಾಗುವುದಿಲ್ಲ. ಎಂಜಿನ್ ಇನ್ನೂ 3ನೇ ಗೇರ್‌ಗೆ ತಕ್ಕ ಆರ್‌ಪಿಎಂನಲ್ಲಿದೆ (ನಿಮಿಷಕ್ಕೆ ಎಷ್ಟು ಸುತ್ತು ಅನ್ನುವ ಲೆಕ್ಕ). ಹಾಗಾಗಿ ಶಾಫ್ಟ್ ಮೇಲೆ ಸಡಿಲವಾಗಿರುವ 4ನೇ ಗೇರ್, ಶಾಫ್ಟ್‌ಗಿಂತ ಜೋರಾಗಿ ತಿರುಗುತ್ತಿರುತ್ತದೆ. ಇದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ, ಎಲ್ಲ ಗುಟ್ಟೂ ಇಲ್ಲೇ ಇದೆ.

3 ಇನ್ನೂ ಹಿಡಿದಿರುವಾಗಲೇ 4ನೇ ಗೇರ್‌ನ ಡಾಗ್ ಸಿಕ್ಕಿಸಿಬಿಟ್ಟರೆ ಏನಾಗುತ್ತದೆ? ಜೋರಾಗಿ ತಿರುಗುತ್ತಿರುವ 4, ಶಾಫ್ಟನ್ನು ಮುಂದಕ್ಕೆ ತಳ್ಳಲು ಶುರು ಮಾಡುತ್ತದೆ. ಎಂಜಿನ್ 4ಕ್ಕೆ ತಕ್ಕ ವೇಗಕ್ಕೆ ಇಳಿಯಲೇಬೇಕು. ಎಂಜಿನ್ ಇಳಿದ ತಕ್ಷಣ 3ನೇ ಗೇರ್, ಶಾಫ್ಟ್‌ಗಿಂತ ನಿಧಾನ ಆಗುತ್ತದೆ. ಅಲ್ಲಿವರೆಗೆ ಶಾಫ್ಟನ್ನು ತಳ್ಳುತ್ತಿದ್ದ ಅದರ ಡಾಗ್ ಹಲ್ಲಿನ ಮೇಲಿನ ಭಾರ ಪೂರ್ತಿ ಹೋಗುತ್ತದೆ. ಭಾರ ಹೋದ ಡಾಗ್ ರಿಂಗನ್ನು ಹೊರಗೆ ಎಳೆಯುವುದು ಸುಲಭ. ಅಂದರೆ 3ನ್ನು ಬಿಡಿಸುವ ಕೆಲಸವನ್ನು 4 ಮಾಡುತ್ತದೆ. ಎಳೆತ ಎಲ್ಲೂ ತಪ್ಪಲಿಲ್ಲ.

ವರ್ಕ್‌ಶಾಪ್ ಅಣ್ಣ
ಮೇಷ್ಟ್ರು ಹೇಳಿದ್ದು ಸರಿ. ಒಂದು ಸೇರಿಸುತ್ತೇನೆ. ಬೈಕ್ ಗೇರ್‌ಬಾಕ್ಸ್ ಬಿಚ್ಚಿದವರಿಗೆ ಗೊತ್ತಿರುತ್ತದೆ, ಅಲ್ಲಿ ಒಂದು ಜಾರುವ ಭಾಗ ಎರಡು ಗೇರ್‌ಗೆ ಕೆಲಸ ಮಾಡುತ್ತದೆ. ಎಡಕ್ಕೆ ಜಾರಿದರೆ ಒಂದು, ಬಲಕ್ಕೆ ಜಾರಿದರೆ ಇನ್ನೊಂದು. ಕಾರಿನಲ್ಲಿ 3 ಮತ್ತು 4ಕ್ಕೆ ಒಂದೇ ರಿಂಗ್ ಇದ್ದರೆ 3 ಬಿಡದೆ 4 ಹಿಡಿಯುವುದು ಸಾಧ್ಯವೇ ಇಲ್ಲ. ಹಾಗಾಗಿ ಸೀಮ್‌ಲೆಸ್‌ನಲ್ಲಿ ಪಕ್ಕಪಕ್ಕದ ಗೇರ್‌ಗಳನ್ನು ಬೇರೆ ಬೇರೆ ರಿಂಗ್‌ಗೆ ಹಂಚಬೇಕು. ಅವನ್ನು ಬೇರೆ ಬೇರೆಯಾಗಿ ಸರಿಸುವ ವ್ಯವಸ್ಥೆಯೂ ಬೇಕು. ಲ್ಯಾಂಬೊರ್ಗಿನಿ ಅವೆಂಟಡಾರ್ ರಸ್ತೆ ಕಾರಿನಲ್ಲೂ ಶಿಫ್ಟ್ ರಾಡ್‌ಗಳನ್ನು ಹೀಗೆ ಸ್ವತಂತ್ರ ಮಾಡಿದ್ದರು. ಅದು ಸೀಮ್‌ಲೆಸ್ ಅಲ್ಲ, ಆದರೆ ಒಂದು ಹೊರಗೆ ಬರುತ್ತಿರುವಾಗಲೇ ಇನ್ನೊಂದು ಒಳಗೆ ಹೋಗಲು ಹೊರಟಿರುತ್ತದೆ. ಒಂದೇ ಕ್ಲಚ್‌ನಲ್ಲಿ 50 ಮಿಲಿಸೆಕೆಂಡಿಗೆ ತಂದರು.

ರೇಸ್ ಹುಚ್ಚಿ
ಫೆರಾರಿ 430 ಸ್ಕುಡೇರಿಯಾ 2007ರಲ್ಲಿ 60 ಮಿಲಿಸೆಕೆಂಡ್ ಅಂತ ಹೇಳಿಕೊಂಡಾಗ ಎಲ್ಲರೂ ಬಾಯಿ ಬಿಟ್ಟಿದ್ದೆವು.

ಪಿಟ್‌ಲೇನ್ ಪಕ್ಕ
ಮೇಷ್ಟ್ರೇ, ಅರ್ಥ ಆಯಿತು. ಆದರೆ ಭಾರ ಹೋದ 3ನ್ನು ಹೊರಗೆ ಎಳೆಯುವುದು ತಡವಾದರೆ? ಎರಡೂ ಒಳಗೇ ಇರುತ್ತವಲ್ಲ.

ಟಾರ್ಕ್ ಮೇಷ್ಟ್ರು
ತಡವಾದರೆ ಒಡೆಯುತ್ತದೆ. ನಿಮ್ಮ ಮೊದಲ ಭಯ ನಿಜವೇ. ಎಷ್ಟು ಸಮಯ ಸಿಗುತ್ತದೆ ಅಂತ ಒಂದು ಅಂದಾಜು ಲೆಕ್ಕ ಹಾಕೋಣ.

ಶಾಫ್ಟ್ ನಿಮಿಷಕ್ಕೆ 6,000 ಸುತ್ತು ತಿರುಗುತ್ತಿದೆ ಅಂದುಕೊಳ್ಳಿ. ಸೆಕೆಂಡಿಗೆ 100 ಸುತ್ತು. ಪಕ್ಕದ ಗೇರ್‌ಗೂ ಇದಕ್ಕೂ ವೇಗದಲ್ಲಿ ಶೇ. 15 ವ್ಯತ್ಯಾಸ ಇದ್ದರೆ ಸೆಕೆಂಡಿಗೆ 15 ಸುತ್ತು, ಅಂದರೆ 5,400 ಡಿಗ್ರಿ. ಡಾಗ್ ಹಲ್ಲಿಗೂ ಕಿಂಡಿಯ ಆಚೆ ಗೋಡೆಗೂ ನಡುವೆ 20 ಡಿಗ್ರಿ ಪ್ಲೇ, ಅಂದರೆ ಸಡಿಲ ಜಾಗ, ಇದೆ ಅನ್ನೋಣ. 20 ಡಿಗ್ರಿ ದಾಟಲು ಬೇಕಾಗುವುದು 4 ಮಿಲಿಸೆಕೆಂಡಿಗಿಂತ ಕಡಿಮೆ. ಅಷ್ಟರೊಳಗೆ 3ನೇ ಡಾಗ್ ಹೊರಗೆ ಬಂದಿರಬೇಕು. ಬರದಿದ್ದರೆ ಹಲ್ಲು ಆಚೆ ಗೋಡೆಗೆ ಬಡಿಯುತ್ತದೆ, ಎರಡು ಬೇರೆ ಬೇರೆ ವೇಗದ ಗೇರ್‌ಗಳು ಒಂದೇ ಶಾಫ್ಟ್‌ಗೆ ಬಿಗಿಯಾಗುತ್ತವೆ. ಆಮೇಲೆ ಯಾವುದಾದರೂ ಒಂದು ಮುರಿಯಲೇಬೇಕು.

ಒಳಗೆ ಹೋಗುವ ಡಾಗ್‌ನದ್ದೂ ಇದೇ ಕಥೆ. ಆರು ಹಲ್ಲಿನ ರಿಂಗ್ ಆದರೆ ಮೇಲಿನ ಲೆಕ್ಕದಲ್ಲಿ ಸೆಕೆಂಡಿಗೆ 90 ಕಿಂಡಿ ಎದುರಿಗೆ ಹಾದು ಹೋಗುತ್ತವೆ. 11 ಮಿಲಿಸೆಕೆಂಡಿಗೆ ಒಂದು. ಹಲ್ಲಿನ ತುದಿಗೆ ಹಲ್ಲಿನ ತುದಿ ಸಿಕ್ಕಿದರೆ ರಿಂಗ್ ಪುಟಿದು ವಾಪಸ್ ಬರುತ್ತದೆ.

ಸರ್ವೊ ವಾಲ್ವ್
ಹೈಡ್ರಾಲಿಕ್ಸ್‌ನಲ್ಲಿ ಕೆಲಸ ಮಾಡುವವನು ನಾನು, ರೇಸಿಂಗ್ ಅಲ್ಲ. ಆದರೂ ಈ ಭಾಗ ಓದಿ ಸುಮ್ನೆ ಕೂರಲು ಆಗಲಿಲ್ಲ. ಡ್ರೈವರ್ ಸ್ಟಿಯರಿಂಗ್ ಹಿಂದಿನ ಪ್ಯಾಡಲ್ ಎಳೆಯುತ್ತಾನೆ ಅಷ್ಟೇ. ಅದೊಂದು ಸ್ವಿಚ್. ಪ್ಯಾಡಲ್‌ಗೂ ಗೇರ್‌ಬಾಕ್ಸ್‌ಗೂ ನಡುವೆ ಕೇಬಲ್ ಇಲ್ಲ, ಲಿವರ್ ಇಲ್ಲ. ಇಸಿಯು, ಅಂದರೆ ಕಾರಿನ ಕಂಪ್ಯೂಟರ್, ಸಿಗ್ನಲ್ ಕೊಡುತ್ತದೆ, ಸರ್ವೊ ವಾಲ್ವ್ ತೆರೆಯುತ್ತದೆ, ಸುಮಾರು 200 ಬಾರ್ ಒತ್ತಡದ ಎಣ್ಣೆ ಪಿಸ್ಟನ್ ತಳ್ಳುತ್ತದೆ. ರಿಂಗ್ ಎಲ್ಲಿದೆ ಅಂತ ಸೆನ್ಸರ್ ಪ್ರತಿ ಕ್ಷಣ ಹೇಳುತ್ತಿರುತ್ತದೆ. ನಮ್ಮ ಫ್ಯಾಕ್ಟರಿ ಪ್ರೆಸ್‌ನಲ್ಲಿ ವಾಲ್ವ್ 30 ಮಿಲಿಸೆಕೆಂಡ್ ತಡ ಮಾಡಿದರೂ ಯಾರಿಗೂ ಗೊತ್ತಾಗುವುದಿಲ್ಲ. ಇಲ್ಲಿ 4 ಮಿಲಿಸೆಕೆಂಡ್ ಕಿಟಕಿ! ಎಣ್ಣೆಯಲ್ಲಿ ಒಂದಿಷ್ಟು ಗಾಳಿ ಗುಳ್ಳೆ ಇದ್ದರೂ ಕೆಲಸ ಕೆಟ್ಟಿತು. ಆ ತಂಡಗಳ ಹೈಡ್ರಾಲಿಕ್ಸ್ ಹುಡುಗರಿಗೆ ನನ್ನ ದೊಡ್ಡ ಸಲಾಮು.

ಮಲ್ನಾಡ್ ರೈಡರ್
ಬರೀ ಟೈಮಿಂಗ್ ನಂಬಿಕೊಂಡೇ ಎಲ್ಲರೂ ಓಡಿಸುತ್ತಾರೆ ಅಂದುಕೊಳ್ಳಬೇಡಿ. ಯಾಂತ್ರಿಕವಾಗಿಯೇ ತಪ್ಪಿಸುವ ದಾರಿಯೂ ಇದೆ. ಇಂಗ್ಲೆಂಡಿನ ಎಕ್ಸ್‌ಟ್ರ್ಯಾಕ್ ಕಂಪನಿ ಮಾಡಿದ ವ್ಯವಸ್ಥೆಯಲ್ಲಿ ಗೇರ್‌ನ ಹಬ್‌ಗೂ ಶಾಫ್ಟ್‌ಗೂ ನಡುವೆ ರ್ಯಾಚೆಟ್ ಮತ್ತು ಕೊಕ್ಕೆ ಇರುತ್ತವೆ. ಸೈಕಲ್ ಹಿಂಚಕ್ರದ ಫ್ರೀವೀಲ್ ನೋಡಿದ್ದೀರಲ್ಲ, ಪೆಡಲ್ ತುಳಿದರೆ ಕೊಕ್ಕೆ ಹಿಡಿಯುತ್ತದೆ, ತುಳಿಯುವುದು ನಿಲ್ಲಿಸಿದರೆ ಟಿಕ್ ಟಿಕ್ ಅಂತ ಜಾರುತ್ತದೆ. ಹಾಗೇ. 4 ಹಿಡಿದು ಶಾಫ್ಟ್ ಮುಂದೆ ಓಡಿದರೆ 3ನೇ ಗೇರ್‌ನ ಕೊಕ್ಕೆ ಸುಮ್ನೆ ಜಾರುತ್ತದೆ. ಎರಡೂ ಗೇರ್ ಒಟ್ಟಿಗೆ ಹಾಕಿದ್ದರೂ ಎಳೆಯುವುದು ಒಂದೇ. ಅಲ್ಲಿಗೆ ಬಿಡಿಸಲು ಆರಾಮಾಗಿ ಸಮಯ ಸಿಗುತ್ತದೆ.

ವರ್ಕ್‌ಶಾಪ್ ಅಣ್ಣ
ಜೀರೊಶಿಫ್ಟ್ ಅಂತ ಇನ್ನೊಂದು ಬ್ರಿಟಿಷ್ ವಿನ್ಯಾಸ ಇದೆ. ಅದರಲ್ಲಿ ಒಂದೇ ಡಾಗ್ ರಿಂಗ್ ಬದಲು ಎರಡು ಗುಂಪು ಹಲ್ಲು, ಗುಂಪಿಗೆ ಮೂರು. ಒಂದು ಗುಂಪು ಎಂಜಿನ್ ಎಳೆಯುವಾಗ ಭಾರ ಹೊರುತ್ತದೆ, ಇನ್ನೊಂದು ಗುಂಪು ಎಂಜಿನ್ ಬ್ರೇಕ್ ಆಗುವಾಗ ಹೊರುತ್ತದೆ. ಎಳೆಯುತ್ತಿರುವ ಹೊತ್ತಿಗೆ ಎರಡನೇ ಗುಂಪಿಗೆ ಕೆಲಸ ಇಲ್ಲ, ಅದು ಬಿಡಿಸಿಕೊಂಡು ಮುಂದಿನ ಗೇರ್‌ಗೆ ಹೋಗಿ ಹಿಡಿಯುತ್ತದೆ. ಅದು ಹಿಡಿದ ಮೇಲೆ ಮೊದಲ ಗುಂಪಿನ ಭಾರ ಇಳಿಯುತ್ತದೆ, ಅದೂ ಹಿಂದೆಯೇ ಬರುತ್ತದೆ. ಹಲ್ಲಿನ ಪಕ್ಕಕ್ಕೆ ಇಳಿಜಾರು ಕೊಟ್ಟಿರುತ್ತಾರೆ, ತಪ್ಪಿ ತಡವಾದರೂ ಆ ಇಳಿಜಾರೇ ಹೊರಗೆ ತಳ್ಳುತ್ತದೆ. ಅದರ ಚಿತ್ರ ನೋಡುತ್ತಾ ಕೂತರೆ ಎದ್ದು ಬರಲು ಮನಸ್ಸಾಗುವುದಿಲ್ಲ.

ಬೈಟು ಕಾಫಿ
ಸರಿ, ಲಾಭ ಎಷ್ಟು? ಹಳೇ ಬಾಕ್ಸ್‌ನಲ್ಲಿ 40 ಮಿಲಿಸೆಕೆಂಡ್ ಪವರ್ ಕಟ್. ಒಂದು ಲ್ಯಾಪ್‌ಗೆ 50 ಶಿಫ್ಟ್. 2 ಸೆಕೆಂಡ್! ಒಂದೇ ವರ್ಷದಲ್ಲಿ ಲ್ಯಾಪ್ ಟೈಮ್ 2 ಸೆಕೆಂಡ್ ಇಳಿದಿದ್ದು ನಾನಂತೂ ನೋಡಿಲ್ಲ.

ರೇಸ್ ಹುಚ್ಚಿ
ಆ 50ರಲ್ಲಿ ಅರ್ಧ ಇಳಿಸುವ ಶಿಫ್ಟ್. ಅವು ಬ್ರೇಕ್ ಹಿಡಿದಾಗ ಆಗುವವು, ಅಲ್ಲಿ ಎಳೆತವೇ ಬೇಡ. ಜೊತೆಗೆ ಪವರ್ ಕಟ್ ಆದಾಗ ಕಾರು ನಿಂತು ಹೋಗುವುದಿಲ್ಲವಲ್ಲ.

ಟಾರ್ಕ್ ಮೇಷ್ಟ್ರು
ಮೇಡಂ ಹೇಳಿದ್ದು ಸರಿ. ಕಳೆದುಕೊಳ್ಳುವುದು 40 ಮಿಲಿಸೆಕೆಂಡ್ ಅಲ್ಲ, ಆ ಹೊತ್ತಿನಲ್ಲಿ ಸಿಗಬೇಕಿದ್ದ ವೇಗ. ಹೀಗೆ ನೋಡಿ.

ಕಾರಿನ ವೇಗ ಪ್ರತಿ ಸೆಕೆಂಡಿಗೂ ಸೆಕೆಂಡಿಗೆ 8 ಮೀಟರ್‌ನಷ್ಟು ಏರುತ್ತಿದೆ ಅನ್ನೋಣ. ಪವರ್ ಕಟ್ ಆದರೆ ಏರುವುದು ನಿಲ್ಲುತ್ತದೆ, ಅಷ್ಟೇ ಅಲ್ಲ, ರೆಕ್ಕೆಗಳ ಮೇಲಿನ ಗಾಳಿ ಹಿಂದಕ್ಕೆ ಎಳೆಯುತ್ತದೆ. ಅದನ್ನು 4 ಅಂತ ಹಿಡಿಯೋಣ. ಒಟ್ಟು ವ್ಯತ್ಯಾಸ 12. ಅದನ್ನು 0.04 ಸೆಕೆಂಡಿಗೆ ಗುಣಿಸಿದರೆ ಸೆಕೆಂಡಿಗೆ 0.48 ಮೀಟರ್. ಗಂಟೆಗೆ 1.7 ಕಿಲೋಮೀಟರ್ ಕಡಿಮೆ ವೇಗ. ಈ ಕೊರತೆ ಅಲ್ಲಿಗೇ ಮುಗಿಯುವುದಿಲ್ಲ, ಆ ನೇರ ರಸ್ತೆ ಮುಗಿಯುವವರೆಗೂ ಹೊತ್ತುಕೊಂಡು ಹೋಗಬೇಕು. ಮುಂದೆ 6 ಸೆಕೆಂಡ್ ನೇರ ರಸ್ತೆ ಇದ್ದರೆ ಸುಮಾರು 2.9 ಮೀಟರ್ ಹಿಂದೆ ಬೀಳುತ್ತೀರಿ. ಗಂಟೆಗೆ 250 ಕಿಲೋಮೀಟರ್ ವೇಗದಲ್ಲಿ ಅದು 0.04 ಸೆಕೆಂಡ್.

ನೇರ ರಸ್ತೆಯ ಕೊನೆಗೆ ಆಗುವ ಶಿಫ್ಟ್‌ನಲ್ಲಿ ನಷ್ಟ ಇದಕ್ಕಿಂತ ತುಂಬಾ ಕಡಿಮೆ. ಏಕೆಂದರೆ ಹೊತ್ತುಕೊಂಡು ಹೋಗುವ ದೂರವೇ ಇಲ್ಲ. ಎಲ್ಲ ಕೂಡಿಸಿದರೆ ಒಂದು ಲ್ಯಾಪ್‌ಗೆ ಸೆಕೆಂಡಿನ ಹತ್ತನೇ ಎರಡು, ಮೂರು, ನಾಲ್ಕು ಭಾಗ ಬರುತ್ತದೆ, ಟ್ರ್ಯಾಕ್ ನೋಡಿಕೊಂಡು.

ಬೈಟು ಕಾಫಿ
ಹತ್ತನೇ ಮೂರು ಭಾಗಕ್ಕೆ ಇಷ್ಟೊಂದು ಖರ್ಚಾ?

ರೇಸ್ ಹುಚ್ಚಿ
ರೇಸ್‌ನಲ್ಲಿ ಯಾರು ಎಲ್ಲಿ ನಿಂತು ಹೊರಡಬೇಕು ಅಂತ ನಿರ್ಧರಿಸುವ ಕ್ವಾಲಿಫೈಯಿಂಗ್‌ನಲ್ಲಿ ಹತ್ತನೇ ಮೂರು ಭಾಗ ಅಂದರೆ ಎಷ್ಟೋ ಸಲ ಎರಡು ಸಾಲು ಮುಂದೆ ನಿಲ್ಲುವ ಮಾತು. ಅದಕ್ಕೇ 2005ರಲ್ಲಿ ಬಿಎಆರ್ ಹೋಂಡಾ ತಂಡ ಇದನ್ನು ತಂದ ಮೇಲೆ ಒಂದೆರಡು ವರ್ಷದಲ್ಲಿ ಮುಂದಿನ ಸಾಲಿನ ತಂಡಗಳೆಲ್ಲ ಓಡಿ ಬಂದು ಮಾಡಿಕೊಂಡವು. ರೆಕ್ಕೆ ಬದಲಿಸಿ ಹತ್ತನೇ ಮೂರು ಭಾಗ ಸಿಗಬೇಕಾದರೆ ವಿಂಡ್ ಟನಲ್‌ನಲ್ಲಿ ತಿಂಗಳುಗಟ್ಟಲೆ ಕೂರಬೇಕು.

ಹಳೇ ಡಬಲ್ ಕ್ಲಚ್
ನೀವೆಲ್ಲ ಮಿಲಿಸೆಕೆಂಡ್ ಲೆಕ್ಕ ಹಾಕುತ್ತಿದ್ದೀರಿ. ನನ್ನ ಅಪ್ಪ ಲಾರಿ ಓಡಿಸುತ್ತಿದ್ದರು. ಗೇರ್‌ಗಳ ವೇಗವನ್ನು ತಾನೇ ಸಮ ಮಾಡುವ ಸಿಂಕ್ರೊಮೆಷ್ ಇಲ್ಲದ ಗೇರ್‌ಬಾಕ್ಸ್. ಶಿರಾಡಿ ಘಾಟಿ ಹತ್ತುವಾಗ ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತಂದು, ಕ್ಲಚ್ ಬಿಟ್ಟು ಆಕ್ಸಿಲೇಟರ್ ಒಮ್ಮೆ ಗುಮ್ಮಿ, ಮತ್ತೆ ಕ್ಲಚ್ ಒತ್ತಿ ಕೆಳಗಿನ ಗೇರ್ ಹಾಕಬೇಕು. ಅಷ್ಟರಲ್ಲಿ ಲೋಡ್ ಲಾರಿ ನಿಂತೇ ಹೋಗುತ್ತಿತ್ತು. ಕ್ಲೀನರ್ ಕಲ್ಲು ಹಿಡಿದುಕೊಂಡು ಹಿಂದಿನ ಚಕ್ರದ ಹತ್ತಿರ ರೆಡಿ ಇರುತ್ತಿದ್ದ. ಗೇರ್ ಕಿರ್ರ್ ಅಂದರೆ ಅಪ್ಪನಿಗೆ ಅವಮಾನ. ಎಂಜಿನ್ ಸದ್ದು ಕೇಳಿಯೇ ಎರಡು ಗೇರ್‌ಗಳ ವೇಗ ಸಮ ಆಯಿತು ಅಂತ ತಿಳಿದುಕೊಳ್ಳುತ್ತಿದ್ದರು. ಈಗ ಅದೇ ಕೆಲಸ ಕಂಪ್ಯೂಟರ್ ಮಾಡುತ್ತದೆ. ಡ್ರೈವರ್ ಚಾಕಚಕ್ಯತೆ ಎಲ್ಲಿ ಉಳಿಯಿತು?

ರೇಸ್ ಹುಚ್ಚಿ
ಸರ್, ನಿಮ್ಮ ತಂದೆಯವರ ಕಿವಿಗೆ ನಮಸ್ಕಾರ. ಆದರೆ ಚಾಕಚಕ್ಯತೆ ಹೋಯಿತು ಅಂದರೆ ಒಪ್ಪುವುದಿಲ್ಲ. ರೇಸ್ ಶುರುವಿನಲ್ಲಿ ಕಂಪ್ಯೂಟರೇ ಕಾರು ಹೊರಡಿಸುವ ಲಾಂಚ್ ಕಂಟ್ರೋಲ್, ಪೂರ್ತಿ ಆಟೊಮ್ಯಾಟಿಕ್ ಗೇರ್ ಎರಡನ್ನೂ 2004ರಿಂದ ನಿಷೇಧಿಸಿದ್ದಾರೆ. ಯಾವಾಗ ಗೇರ್ ಹಾಕಬೇಕು ಅಂತ ಡ್ರೈವರೇ ನಿರ್ಧರಿಸಬೇಕು. ಮಳೆಯಲ್ಲಿ ಒಂದು ಗೇರ್ ಮೇಲೆ ಇಟ್ಟು ಮೂಲೆ ತಿರುಗುವುದು, ಟೈರ್ ಉಳಿಸಲು ಬೇಗ ಏರಿಸುವುದು, ಇವೆಲ್ಲ ಇನ್ನೂ ಅವರ ಕೈಯಲ್ಲೇ ಇವೆ.

ಹಳೇ ಡಬಲ್ ಕ್ಲಚ್
ಸೆನ್ನಾ 1991ರಲ್ಲಿ ಬ್ರೆಜಿಲ್‌ನ ಇಂಟರ್‌ಲಾಗೋಸ್‌ನಲ್ಲಿ ಗೆದ್ದಿದ್ದು ನೆನಪಿದೆಯಾ ಮೇಡಂ? ಗೇರ್‌ಗಳು ಒಂದೊಂದಾಗಿ ಹೋಗಿ ಕೊನೆಗೆ 6ನೇದು ಮಾತ್ರ ಉಳಿದಿತ್ತು. ಕೈಯಲ್ಲಿ ಲಿವರ್ ಹಿಡಿದು ಓಡಿಸುವ ಗೇರ್‌ಬಾಕ್ಸ್. ತನ್ನ ಊರಿನ ರೇಸ್. ಕಾರಿನಿಂದ ಇಳಿಸಲು ಜನ ಬರಬೇಕಾಯಿತು, ಅಷ್ಟು ಸುಸ್ತಾಗಿದ್ದರು. ಅದನ್ನು ನೋಡಿದವನಿಗೆ ಪ್ಯಾಡಲ್ ಎಳೆಯುವುದು ರುಚಿಸುವುದಿಲ್ಲ.

ಮಲ್ನಾಡ್ ರೈಡರ್
ಶುಮಾಕರ್ 1994ರಲ್ಲಿ ಬಾರ್ಸಿಲೋನಾದಲ್ಲಿ 5ನೇ ಗೇರ್‌ನಲ್ಲೇ ಸಿಕ್ಕಿಕೊಂಡು ಎರಡನೇ ಸ್ಥಾನ ಬಂದರು, ಅದು ಪ್ಯಾಡಲ್ ಕಾರೇ. ಪಿಟ್ ಸ್ಟಾಪ್‌ನಿಂದಲೂ 5ರಲ್ಲೇ ಹೊರಟರು. ಯಂತ್ರ ಕೈಕೊಟ್ಟಾಗ ಡ್ರೈವರ್ ಗೊತ್ತಾಗುವುದು ಯಾವ ಕಾಲದಲ್ಲೂ ಇದ್ದೇ ಇದೆ.

ಪಿಟ್‌ಲೇನ್ ಪಕ್ಕ
ಪ್ಯಾಡಲ್ ಮೊದಲು ಬಂದಿದ್ದು ಫೆರಾರಿಯಲ್ಲೇ ಅಲ್ವಾ?

ರೇಸ್ ಹುಚ್ಚಿ
ಹೌದು, 1989, ಫೆರಾರಿ 640. ಜಾನ್ ಬರ್ನಾರ್ಡ್ ವಿನ್ಯಾಸ. ಪರೀಕ್ಷೆಯಲ್ಲಿ ಪದೇ ಪದೇ ಕೈಕೊಡುತ್ತಿದ್ದ ಕಾರು ಅದು. ಮೊದಲ ರೇಸ್ ಬ್ರೆಜಿಲ್‌ನಲ್ಲಿ, ಮ್ಯಾನ್ಸೆಲ್ ಗೆದ್ದುಬಿಟ್ಟರು! ಅಲ್ಲಿಂದ ಕೆಲವೇ ವರ್ಷಗಳಲ್ಲಿ ಲಿವರ್ ಮಾಯ. ಅದು ಮೊದಲ ಹೆಜ್ಜೆ, ಸೀಮ್‌ಲೆಸ್ ಎರಡನೆಯದು. ನಡುವೆ 16 ವರ್ಷ.

ಬೈಟು ಕಾಫಿ
ಮೆಟ್ಟಿಲಿಲ್ಲದೆ ಅನುಪಾತ ಬದಲಿಸುತ್ತಾ ಹೋಗುವ ಸಿವಿಟಿ ಹಾಕಿದ್ದರೆ ಗೇರೇ ಇಲ್ಲ, ಖಾಲಿ ಜಾಗವೂ ಇಲ್ಲ. ಯಾಕೆ ಯಾರೂ ಮಾಡಲಿಲ್ಲ?

ಟಾರ್ಕ್ ಮೇಷ್ಟ್ರು
ಮಾಡಿದರು. ವಿಲಿಯಮ್ಸ್ ತಂಡ 1993ರಲ್ಲಿ ಎಫ್‌ಡಬ್ಲ್ಯು15ಸಿ ಕಾರಿಗೆ ಸಿವಿಟಿ ಹಾಕಿ ಕೌಲ್ಟಾರ್ಡ್ ಕೈಯಲ್ಲಿ ಓಡಿಸಿ ನೋಡಿತು. ಎಂಜಿನ್ ಒಂದೇ ಆರ್‌ಪಿಎಂನಲ್ಲಿ ಕೂಗುತ್ತಿರುತ್ತದೆ, ಕಾರು ಮಾತ್ರ ಓಡುತ್ತಾ ಹೋಗುತ್ತದೆ. ಅದು ರೇಸ್ ಕಾಣುವ ಮೊದಲೇ 1994ರ ನಿಯಮದಲ್ಲಿ ನಿಷೇಧ ಬಂತು. ಹಾಗಾಗಿ ಹಲ್ಲಿನ ಗೇರ್ ಇಟ್ಟುಕೊಂಡೇ ಖಾಲಿ ಜಾಗ ಮುಚ್ಚುವ ದಾರಿ ಹುಡುಕಬೇಕಾಯಿತು.

ಮಂಡ್ಯ ಬೆಲ್ಲ
ನಾನು 2011ರಲ್ಲಿ ದೆಹಲಿ ಹತ್ತಿರದ ಬುದ್ಧ ಸರ್ಕ್ಯೂಟ್‌ಗೆ ಹೋಗಿದ್ದೆ. ವಿ8 ಎಂಜಿನ್ ಕಾಲ. ಆ ಉದ್ದದ ನೇರ ರಸ್ತೆಯಲ್ಲಿ ಗೇರ್ ಏರಿಸುವಾಗ ಟಪ್, ಟಪ್, ಟಪ್ ಅಂತ ಎದೆಗೆ ಬಡಿಯುತ್ತಿತ್ತು. ಸದ್ದು ಎಲ್ಲೂ ಕುಗ್ಗಲಿಲ್ಲ, ಮೆಟ್ಟಿಲು ಇಳಿದ ಹಾಗೆ ಒಂದೇ ಏಟಿಗೆ ಕೆಳಗಿನ ಸ್ವರಕ್ಕೆ ಬರುತ್ತಿತ್ತು. ಎಳೆತ ತಪ್ಪದಿದ್ದರೆ ಆ ಟಪ್ ಎಲ್ಲಿಂದ ಬರುತ್ತದೆ?

ಟಾರ್ಕ್ ಮೇಷ್ಟ್ರು
ಒಳ್ಳೆ ಪ್ರಶ್ನೆ. ಸೀಮ್‌ಲೆಸ್ ಅಂದರೆ ಎಂಜಿನ್ ಕಟ್ ಮಾಡುವುದೇ ಇಲ್ಲ ಅಂತಲ್ಲ. 4ನೇ ಗೇರ್ ಹಿಡಿದಾಗ ಎಂಜಿನ್‌ನ ತಿರುಗುವ ಭಾಗಗಳು ಕೆಲವೇ ಮಿಲಿಸೆಕೆಂಡಿನಲ್ಲಿ ಸಾವಿರಕ್ಕೂ ಜಾಸ್ತಿ ಆರ್‌ಪಿಎಂ ಇಳಿಯಬೇಕು. ಅವುಗಳಲ್ಲಿದ್ದ ಶಕ್ತಿ ಎಲ್ಲಿಗೆ ಹೋಗಬೇಕು? ನೇರ ಶಾಫ್ಟ್‌ಗೆ, ಅಲ್ಲಿಂದ ಚಕ್ರಕ್ಕೆ. ಅಂದರೆ ಎಳೆತ ತಪ್ಪುವುದರ ಬದಲು ಒಂದು ಕ್ಷಣ ಜಾಸ್ತಿಯೇ ಆಗುತ್ತದೆ. ಆ ಏಟಿಗೆ ಹಿಂದಿನ ಟೈರ್ ಜಾರಬಹುದು, ಡ್ರೈವ್‌ಶಾಫ್ಟ್ ಮುರಿಯಬಹುದು. ಹಾಗಾಗಿ ಆ ಹೊತ್ತಿಗೆ ಇಗ್ನಿಷನ್ ಒಂದಿಷ್ಟು ಕಡಿಮೆ ಮಾಡಿ, ಬೇಕಾದರೆ ಕ್ಲಚ್ ಕೂದಲೆಳೆಯಷ್ಟು ಜಾರಲು ಬಿಟ್ಟು ಏಟನ್ನು ಮೆತ್ತಗೆ ಮಾಡುತ್ತಾರೆ. ಹಳೇ ಬಾಕ್ಸ್‌ನಲ್ಲಿ ಎಂಜಿನ್ ಕಟ್ ಮಾಡುತ್ತಿದ್ದದ್ದು ಡಾಗ್ ಬಿಡಿಸಲು. ಇಲ್ಲಿ ಮಾಡುವುದು ಏಟು ತಗ್ಗಿಸಲು. ನಿಮ್ಮ ಟಪ್ ಅಲ್ಲಿಂದ ಬಂದಿದ್ದು.

ಮಂಡ್ಯ ಬೆಲ್ಲ
ಅವತ್ತು ಫೋರ್ಸ್ ಇಂಡಿಯಾ ಕಾರಿಗೆ ಎಷ್ಟು ಕೂಗಿದ್ದೆವು! ಬೆಂಗಳೂರಿನವರ ತಂಡ ಅಂತ. ಅದರಲ್ಲೂ ಇದೇ ಗೇರ್‌ಬಾಕ್ಸ್ ಇತ್ತಾ?

ರೇಸ್ ಹುಚ್ಚಿ
ಇತ್ತು. ಆದರೆ ಮನೆಯಲ್ಲಿ ಮಾಡಿದ್ದಲ್ಲ. ವಿಜಯ್ ಮಲ್ಯ ತಂಡ 2009ರಿಂದ ಮರ್ಸಿಡಿಸ್ ಎಂಜಿನ್ ಜೊತೆಗೆ ಗೇರ್‌ಬಾಕ್ಸ್, ಹೈಡ್ರಾಲಿಕ್ಸ್ ಎಲ್ಲವನ್ನೂ ಮೆಕ್ಲಾರೆನ್‌ನಿಂದಲೇ ತರಿಸಿಕೊಳ್ಳುತ್ತಿತ್ತು. ಚಿಕ್ಕ ತಂಡಕ್ಕೆ ಅದೇ ಬುದ್ಧಿವಂತಿಕೆ. ಅದೇ ವರ್ಷ ಬೆಲ್ಜಿಯಂನ ಸ್ಪಾ ಟ್ರ್ಯಾಕ್‌ನಲ್ಲಿ ಅವರ ಡ್ರೈವರ್ ಫಿಸಿಕೆಲ್ಲ ಪೋಲ್, ಅಂದರೆ ಎಲ್ಲರಿಗಿಂತ ಮುಂದೆ ನಿಂತು ಹೊರಡುವ ಜಾಗ, ಹಿಡಿದು ರೇಸ್‌ನಲ್ಲಿ ಎರಡನೇ ಸ್ಥಾನ ಬಂದರು. ಸ್ಪಾದಲ್ಲಿ ಕೆಮ್ಮೆಲ್ ನೇರ ರಸ್ತೆಗೆ ಏರುತ್ತಾ ಒಂದರ ಹಿಂದೆ ಒಂದು ಗೇರ್ ಹಾಕುವ ಜಾಗ ಇದೆಯಲ್ಲ, ಅಲ್ಲಿ ಪ್ರತಿ ಶಿಫ್ಟ್ ಲೆಕ್ಕಕ್ಕೆ ಬರುತ್ತದೆ.

ಮಲ್ನಾಡ್ ರೈಡರ್
ಎಲ್ಲರೂ ಕಾರಿನ ಬಗ್ಗೆಯೇ ಮಾತಾಡುತ್ತಿದ್ದೀರಿ. ಸೀಮ್‌ಲೆಸ್‌ನ ನಿಜವಾದ ಲಾಭ ಬೈಕ್‌ನಲ್ಲಿ. ಹೋಂಡಾ 2011ರಲ್ಲಿ ಮೋಟೊಜಿಪಿ ಬೈಕ್ ರೇಸಿನ ತನ್ನ ಆರ್‌ಸಿ212ವಿಗೆ ಹಾಕಿತು, ಆ ವರ್ಷ ಸ್ಟೋನರ್ ಚಾಂಪಿಯನ್. ಯಮಹಾ ಸವಾರರು ಕೇಳಿ ಕೇಳಿ ಸಾಕಾಗಿ ಕೊನೆಗೆ 2013ರಲ್ಲಿ ಮಿಸಾನೊದಲ್ಲಿ ಸಿಕ್ಕಿತು. ಲೊರೆಂಜೊ ಆ ರೇಸೇ ಗೆದ್ದರು. ಮೋಟೊಜಿಪಿಯಲ್ಲಿ ಡ್ಯುಯಲ್ ಕ್ಲಚ್‌ಗೆ ಅವಕಾಶ ಇಲ್ಲ, ಹಾಗಾಗಿ ಇದೊಂದೇ ದಾರಿ.

ಬೈಕ್‌ನಲ್ಲಿ ಸಮಯ ಉಳಿಯುವುದು ಎರಡನೇ ಮಾತು. ಮೂಲೆಯಿಂದ ಹೊರಗೆ ಬರುವಾಗ ಬೈಕ್ ಇನ್ನೂ ಪೂರ್ತಿ ವಾಲಿರುತ್ತದೆ. ಹಿಂದಿನ ಟೈರ್ ಅಂಚಿನ ಮೇಲೆ ನಿಂತಿರುತ್ತದೆ. ಆಗ ಸಾಮಾನ್ಯ ಗೇರ್ ಹಾಕಿದರೆ ಎಳೆತ ತಪ್ಪಿ ಮತ್ತೆ ಬರುತ್ತದೆ. ಆ ಬಿಟ್ಟು ಹಿಡಿಯುವ ಏಟಿಗೆ ಸಸ್ಪೆನ್ಷನ್ ಕುಕ್ಕುತ್ತದೆ, ಟೈರ್ ಜಾರುತ್ತದೆ, ಬೈಕ್ ಅಲ್ಲಾಡುತ್ತದೆ. ಸವಾರ ಭಯಕ್ಕೆ ಬೈಕ್ ನೆಟ್ಟಗಾಗುವವರೆಗೆ ಕಾಯುತ್ತಾನೆ. ಸೀಮ್‌ಲೆಸ್ ಇದ್ದರೆ ವಾಲಿದ ಹಾಗೇ ಗೇರ್ ಏರಿಸಬಹುದು. ಯಮಹಾ 2015ರಲ್ಲಿ ಗೇರ್ ಇಳಿಸುವುದಕ್ಕೂ ತಂದಿತು, ಬ್ರೇಕ್ ಹಿಡಿದು ಮೂಲೆಗೆ ನುಗ್ಗುವಾಗ ಹಿಂದಿನ ಚಕ್ರ ಕುಣಿಯುವುದು ಕಡಿಮೆಯಾಯಿತು.

ಬೈಟು ಕಾಫಿ
ನನ್ನ ಬೈಕ್‌ನಲ್ಲೂ ಕ್ವಿಕ್‌ಶಿಫ್ಟರ್ ಇದೆ. ಕ್ಲಚ್ ಮುಟ್ಟದೆ ಗೇರ್ ಏರಿಸುತ್ತೇನೆ. ಅದಕ್ಕೂ ಇದಕ್ಕೂ ಏನು ವ್ಯತ್ಯಾಸ?

ವರ್ಕ್‌ಶಾಪ್ ಅಣ್ಣ
ನಿಮ್ಮದರಲ್ಲಿ ಗೇರ್‌ಬಾಕ್ಸ್ ಅದೇ ಹಳೇದು. ಕಾಲಿನ ಒತ್ತಡ ಸೆನ್ಸರ್‌ಗೆ ಗೊತ್ತಾದ ಕೂಡಲೇ ಎಂಜಿನ್ ಒಂದು ಕ್ಷಣ ಕಟ್ ಆಗುತ್ತದೆ, ಡಾಗ್ ಮೇಲಿನ ಭಾರ ಹೋಗುತ್ತದೆ, ಗೇರ್ ಜಾರುತ್ತದೆ. ಖಾಲಿ ಜಾಗ ಇದ್ದೇ ಇದೆ, ಚಿಕ್ಕದಾಗಿದೆ ಅಷ್ಟೇ.

ಪಿಟ್‌ಲೇನ್ ಪಕ್ಕ
ಇಷ್ಟು ಒಳ್ಳೆಯದಾದರೆ ರಸ್ತೆ ಗಾಡಿಗೆ ಯಾಕೆ ಬರಲಿಲ್ಲ?

ಮಲ್ನಾಡ್ ರೈಡರ್
ಹೋಂಡಾ 2015ರಲ್ಲಿ ಮೋಟೊಜಿಪಿ ಬೈಕನ್ನೇ ರಸ್ತೆಗೆ ಇಳಿಸಿತು, ಆರ್‌ಸಿ213ವಿ-ಎಸ್. ಯೂರೋಪಿನಲ್ಲಿ ಬೆಲೆ 1,88,000 ಯೂರೊ. ಅದರಲ್ಲೂ ಸೀಮ್‌ಲೆಸ್ ಹಾಕಲಿಲ್ಲ. ಸಾಮಾನ್ಯ ಗೇರ್‌ಬಾಕ್ಸೇ ಕೊಟ್ಟರು. ಇನ್ನು ನಮಗೆ ನಿಮಗೆ ಎಲ್ಲಿಂದ?

ವರ್ಕ್‌ಶಾಪ್ ಅಣ್ಣ
ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಒಂದನೇ ಗೇರ್‌ನಲ್ಲಿ ತೆವಳುವ ಕಾರಿಗೆ ಡಾಗ್ ರಿಂಗ್ ಹಾಕಿ ನೋಡಿ. ಪ್ರತಿ ಸಲ ಆಕ್ಸಿಲೇಟರ್ ಬಿಟ್ಟು ಒತ್ತಿದಾಗಲೂ ಆ ಪ್ಲೇ ಅಷ್ಟೂ ಟಕ್ ಟಕ್ ಅನ್ನುತ್ತದೆ. ಸದ್ದು, ಜಗ್ಗಾಟ ಎರಡೂ ಜಾಸ್ತಿ. ಹಲ್ಲಿನ ಮೂಲೆಗಳು ಸವೆಯುತ್ತವೆ, ಆಗಾಗ ಬಿಚ್ಚಿ ನೋಡಬೇಕು. ರಸ್ತೆ ಕಾರಿನ ಗೇರ್‌ಬಾಕ್ಸ್ ವರ್ಷಗಟ್ಟಲೆ ಯಾರೂ ಮುಟ್ಟದೆ ಓಡಬೇಕು. ರಸ್ತೆಗೆ ಡ್ಯುಯಲ್ ಕ್ಲಚ್ ವಾಸಿ. ತೂಕ ಜಾಸ್ತಿ, ಇರಲಿ. ಕ್ಲಚ್ ಮೆತ್ತಗೆ ಹಿಡಿಯುತ್ತದೆ.

ಹಳೇ ಡಬಲ್ ಕ್ಲಚ್
ಎಫ್ 1ನಲ್ಲೂ ಎಷ್ಟೋ ವರ್ಷ ಆಗಾಗ ಬಿಚ್ಚುವುದಕ್ಕೆ ಬಿಡುತ್ತಿರಲಿಲ್ಲವಲ್ಲ? ಗೇರ್‌ಬಾಕ್ಸ್ ಬದಲಿಸಿದರೆ ಗ್ರಿಡ್‌ನಲ್ಲಿ, ಅಂದರೆ ರೇಸ್ ಹೊರಡುವ ಸಾಲಿನಲ್ಲಿ, ಹಿಂದೆ ಕಳಿಸುತ್ತಿದ್ದರು.

ರೇಸ್ ಹುಚ್ಚಿ
ಹೌದು ಸರ್. 2008ರಿಂದ ಒಂದು ಗೇರ್‌ಬಾಕ್ಸ್ ಸತತ 4 ರೇಸ್ ಬರಬೇಕು ಅಂತ ಮಾಡಿದರು, ಆಮೇಲೆ 5, ಆಮೇಲೆ 6 ಆಯಿತು. ಮೊದಲು ಪ್ರತಿ ರೇಸ್‌ಗೆ ಹೊಸ ಗೇರ್ ಸೆಟ್ ಹಾಕುತ್ತಿದ್ದವರು 4 ಮಿಲಿಸೆಕೆಂಡ್ ಕಿಟಕಿಯ ಗೇರ್‌ಬಾಕ್ಸನ್ನು 6 ರೇಸ್ ಓಡಿಸುವಂತೆ ಮಾಡಿದರು. ನನಗೆ ಶಿಫ್ಟ್ ವೇಗಕ್ಕಿಂತ ಅದೇ ದೊಡ್ಡ ಸಾಧನೆ ಅನಿಸುತ್ತದೆ. 2014ರಿಂದ 8 ಗೇರ್, ಅನುಪಾತಗಳೂ ಇಡೀ ಸೀಸನ್‌ಗೆ ನಿಗದಿ. ಮೊನಾಕೊಗೂ ಮೊಂಜಾಗೂ ಒಂದೇ ಸೆಟ್. ಹಾಗಾಗಿ ಮೊನಾಕೊದಲ್ಲಿ 8ನೇ ಗೇರ್‌ಗೆ ಹೆಚ್ಚು ಕೆಲಸವೇ ಇರುವುದಿಲ್ಲ.

ಕಾಲೇಜ್ ಗ್ಯಾರೇಜ್
ಅಣ್ಣಂದಿರೇ, ಅಕ್ಕಂದಿರೇ, ಒಂದು ಸಹಾಯ. ನಾವು ಎಂಜಿನಿಯರಿಂಗ್ ಹುಡುಗರು, ಫಾರ್ಮುಲಾ ಭಾರತ್ ಅನ್ನುವ ವಿದ್ಯಾರ್ಥಿಗಳ ರೇಸ್ ಕಾರು ಸ್ಪರ್ಧೆಗೆ ಕಾರು ಕಟ್ಟುತ್ತಿದ್ದೇವೆ. ಕೊಯಮತ್ತೂರಿನ ಕಾರಿ ಟ್ರ್ಯಾಕ್‌ನಲ್ಲಿ ಓಡಬೇಕು. ಕೆಟಿಎಂ 390 ಎಂಜಿನ್. ಗೇರ್ ಹಾಕುವಾಗ ಕ್ಲಚ್ ಹಿಡಿಯುವುದರಲ್ಲೇ ಟೈಮ್ ಹೋಗುತ್ತಿದೆ. ಈ ರ್ಯಾಚೆಟ್ ಐಡಿಯಾ ನಾವೇ ಮಾಡಬಹುದಾ?

ಟಾರ್ಕ್ ಮೇಷ್ಟ್ರು
ಮಾಡಬೇಡಿ ತಮ್ಮ. ಆ ಗೇರ್‌ಬಾಕ್ಸ್‌ನಲ್ಲಿ ಜಾರುವ ಗೇರ್‌ಗಳನ್ನು ಹೊಂದಿಸಿರುವ ರೀತಿಯೇ ಬೇರೆ. ಕೊಕ್ಕೆ ಕೂರಿಸಲು ಶಾಫ್ಟ್ ಕೊರೆದರೆ ಶಾಫ್ಟ್ ದುರ್ಬಲ ಆಗುತ್ತದೆ.

ಕಾಲೇಜ್ ಗ್ಯಾರೇಜ್
ಹಾಗಾದರೆ ಏನು ಮಾಡುವುದು ಸರ್?

ವರ್ಕ್‌ಶಾಪ್ ಅಣ್ಣ
ಇಗ್ನಿಷನ್ ಕಟ್ ಹಾಕಿ. ಶಿಫ್ಟ್ ಲಿಂಕೇಜ್‌ಗೆ ಒಂದು ಲೋಡ್ ಸೆಲ್, ಅಂದರೆ ಒತ್ತಡ ಅಳೆಯುವ ಸೆನ್ಸರ್, ಕೂರಿಸಿ, ಒತ್ತಡ ಬಂದ ಕೂಡಲೇ ಇಸಿಯು ಸ್ಪಾರ್ಕ್ ನಿಲ್ಲಿಸಲಿ. ಮೊದಲು 80 ಮಿಲಿಸೆಕೆಂಡ್‌ಗೆ ಇಟ್ಟು ಶುರು ಮಾಡಿ. ಚೆನ್ನಾಗಿ ಬೀಳುತ್ತಿದ್ದರೆ 5, 5 ಇಳಿಸುತ್ತಾ ಬನ್ನಿ. ಎಲ್ಲಿ ಗೇರ್ ಪುಟಿದು ವಾಪಸ್ ಬರಲು ಶುರುವಾಗುತ್ತದೋ ಅಲ್ಲಿಂದ 10 ಮೇಲೆ ಇಟ್ಟು ನಿಲ್ಲಿಸಿ. ಪ್ರತಿ ಗೇರ್‌ಗೂ ಬೇರೆ ಬೇರೆ ಬೇಕಾಗುತ್ತದೆ. 1ರಿಂದ 2ಕ್ಕೆ ವೇಗದ ಅಂತರ ಜಾಸ್ತಿ, ನಡುವೆ ನ್ಯೂಟ್ರಲ್ ಬೇರೆ ಇದೆ. ಹಾಗಾಗಿ ಅಲ್ಲಿ ಕಟ್ ಉದ್ದ ಇರಲಿ.

ಸರ್ವೊ ವಾಲ್ವ್
ನ್ಯೂಮ್ಯಾಟಿಕ್ ಸಿಲಿಂಡರ್‌ನಿಂದ ಶಿಫ್ಟ್ ಮಾಡುವುದಾದರೆ ವಾಲ್ವನ್ನು ಸಿಲಿಂಡರ್ ಪಕ್ಕದಲ್ಲೇ ಕೂರಿಸು ಮಾರಾಯ. ಪೈಪ್ ಉದ್ದ ಆದಷ್ಟೂ ಗಾಳಿ ತುಂಬಲು ಸಮಯ ಹೋಗುತ್ತದೆ. ಕಟ್ ಟೈಮ್ ಶುರುವಾಗುವುದು ಸಿಲಿಂಡರ್ ಅಲ್ಲಾಡಿದಾಗ ಇರಬೇಕು, ಬಟನ್ ಒತ್ತಿದಾಗ ಅಲ್ಲ.

ಕಾಲೇಜ್ ಗ್ಯಾರೇಜ್
ನಮ್ಮದು ಬಟನ್ ಒತ್ತಿದಾಗಲೇ ಕಟ್ ಆಗುವಂತೆ ಬರೆದಿದ್ದೇವೆ. ಇವತ್ತು ರಾತ್ರಿಯೇ ಕೋಡ್ ಬದಲಿಸುತ್ತೇವೆ. ಲೋಡ್ ಸೆಲ್ ಎಷ್ಟು ಕೆಜಿಯದು ತರಬೇಕು ಅಣ್ಣ?

ವರ್ಕ್‌ಶಾಪ್ ಅಣ್ಣ
ಮೊದಲು ಲಿವರ್‌ಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆದು ನೋಡಿ, ಗೇರ್ ಬೀಳಲು ಎಷ್ಟು ಬೇಕು ಅಂತ ಗೊತ್ತಾಗುತ್ತದೆ. ಅದರ ಎರಡರಷ್ಟು ತಡೆಯುವುದು ತನ್ನಿ. ಅಳತೆ ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.